ವಿಲ್ಫ್ ಕೈ ಚಾಚದ ಭಾನುವಾರ

ಭಾನುವಾರ, ನವೆಂಬರ್ 3

ಸಭೆಗೆ ಒಂಬತ್ತೇ ಜನ. ಬೀಗ ತೆಗೆದಿದ್ದು ನಾನು, ಹೀಟರ್ ಹಾಕಿದ್ದು ವಿಲ್ಫ್ — ಎಂದಿನಂತೆ ತಡವಾಗಿ. ನಮ್ಮ ಕ್ವೇಕರ್ ಪಂಥದ ಸಭೆಯಲ್ಲಿ ಪಾದ್ರಿ ಇಲ್ಲ, ಹಾಡಿಲ್ಲ, ಒಂದು ಗಂಟೆ ಬರೀ ಮೌನ. ಕೊನೆಗೆ ವಿಲ್ಫ್ ಪಕ್ಕದವರ ಕೈ ಕುಲುಕಿದರೆ ಮುಗಿಯಿತು. ಎಷ್ಟೋ ವರ್ಷದಿಂದ ಆ ಕೆಲಸ ನನ್ನ ಗಂಡನದೇ. ಇವತ್ತೂ ನಡುವೆ ತೂಕಡಿಸಿದ. ಮೊಣಕೈಯಿಂದ ತಿವಿದೆ.

ಮನೆಗೆ ಬಂದು ಜಗಳ.

"ಧ್ಯಾನ ಮಾಡ್ತಿದ್ದೆ ಕಣೇ."

"ಗೊರಕೆ ಹೊಡ್ಕೊಂಡಾ?"

ನಕ್ಕ. ಆ ನಗುವಿಗೇ ನಾನು ಸೋಲುವುದು.

ಮುಂದಿನ ವಾರ ಸೂಪ್ ಸರದಿ ನನ್ನದು. ಸಭೆ ಬಿಡುವ ಹೊತ್ತಿಗೆ ಊರಿನವರು ಬಾಗಿಲಲ್ಲಿ ಸಾಲು ನಿಂತಿರುತ್ತಾರೆ. ನಾವು ಏನು ನಂಬುತ್ತೇವೆಂದು ಅರ್ಧ ಥಾರ್ನ್‌ಬೆಕ್ ಊರಿಗೆ ಗೊತ್ತಿಲ್ಲ, ಸೂಪ್ ಮಾತ್ರ ಗೊತ್ತು. ಇರಲಿ.

ಗುರುವಾರ, ನವೆಂಬರ್ 14

ಬರೆದುಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ತಲೆ ಕೆಡುತ್ತದೆ.

ಭಾನುವಾರ ಸಭಾಮನೆಯ ಅಡುಗೆಮನೆಯಲ್ಲಿದ್ದೆ. ಬಟಾಣಿ ಸೂಪ್ ಆಗಿತ್ತು. ಗಂಟೆ ದಾಟಿತು. ಒಳಗಿಂದ ಸದ್ದಿಲ್ಲ. ಕಿಟಕಿಯಲ್ಲಿ ಡೆಸ್ ಮುಖ ತೂರಿಸಿದ — ಮೊದಲು ಲಾರಿ ಓಡಿಸುತ್ತಿದ್ದವ, ಸೂಪ್ ಸಾಲಿನಲ್ಲಿ ಯಾವಾಗಲೂ ಮುಂದೆ.

"ಏನಮ್ಮಾ, ನಿಮ್ಮೋರೆಲ್ಲ ಒಳಗೇ ಮಲಗಿಬಿಟ್ರಾ? ಇಲ್ಲಿ ಹೊಟ್ಟೆ ತಾಳ ಹಾಕ್ತಿದೆ!"

"ಸ್ವಲ್ಪ ತಡ್ಕೋ ಮಾರಾಯ. ಇವತ್ತು ಒಳ್ಳೇ ಮೌನ ಕೂಡಿಬಂದಿರಬೇಕು."

ನಾನೇ ಹೇಳಿದ್ದು. ಹೆಮ್ಮೆಯಿಂದ. ಅಯ್ಯೋ ದೇವರೇ.

ಒಳಗೆ ಎಲ್ಲರೂ ಕಣ್ಣು ಮುಚ್ಚಿ ವಿಲ್ಫ್ ಕೈಗಾಗಿ ಕಾಯುತ್ತಿದ್ದರು. ಅವನು ಕೂತಲ್ಲೇ ಯಾವಾಗಲೋ ಹೋಗಿಬಿಟ್ಟಿದ್ದ. ಮೌನ ಕೆಡಬಾರದೆಂದು ಒಬ್ಬರೂ ಕೆಮ್ಮಲಿಲ್ಲ ಕೂಡ. ಕೊನೆಗೆ ಬಾಗಿಲು ತಳ್ಳಿ ನುಗ್ಗಿದವನು ಡೆಸ್. ಬೈಯುತ್ತ ಅವನ ಹಿಂದೆ ನಾನು, ಕೈಯಲ್ಲಿ ಸೌಟು. ಅವನಿಗೆ ಒಂದೇ ನೋಟಕ್ಕೆ ಗೊತ್ತಾಯಿತು.

ಹೃದಯ, ಅಂದರು ಡಾಕ್ಟರ್. ಬೇಗ ನೋಡಿದ್ದರೆ ಉಳೀತಿದ್ನಾ ಅಂತ ಕೇಳಿದೆ. "ಹೇಳೋಕಾಗಲ್ಲ." ಆ ಒಂದು ಮಾತು ಹಗಲೂ ರಾತ್ರಿ ತಿನ್ನುತ್ತಿದೆ.

ಮಂಗಳವಾರ, ನವೆಂಬರ್ 19

ಮಣ್ಣು ಮಾಡಿ ಬಂದೆವು. ಆಮೇಲಿನ ಸಭೆಯಲ್ಲೂ ಮೌನ! ಕಿರುಚಬೇಕೆನಿಸಿತು. ಊರೇ ಬಂದಿತ್ತು. ಬೇಕರಿಯವಳು, ಕುರಿ ಸಂತೆಯವರು... ಬೆಂಚು ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಡೆಸ್ ಎದ್ದ.

"ನಿಮ್ ಥರ ಸುಮ್ನೆ ಕೂರೋಕೆ ನಂಗೆ ಬರಲ್ಲ. ವಿಲ್ಫ್ ಎರಡನೇ ಬಟ್ಟಲು ಕೊಡೋವಾಗ್ಲೂ ಅದೇ ಮೊದಲನೇದು ಅನ್ನೋ ಹಾಗೆ ಕೊಡ್ತಿದ್ದ. ಅಷ್ಟೇ."

ಕೂತುಬಿಟ್ಟ. ನನಗೆ ಅಳು ಬಂದಿದ್ದು ಆಗ.

ಆಮೇಲೆ ಹೆಸ್ಟರ್ ನನ್ನತ್ತ ಬಂದಳು. ಅವತ್ತು ವಿಲ್ಫ್ ಪಕ್ಕ ಕೂತಿದ್ದವಳು ಅವಳೇ. ಹುಡುಗಿಯರಾಗಿದ್ದಾಗಿನಿಂದ ಗೆಳತಿ. ಮುಖ ತಿರುಗಿಸಿದೆ. ಆ ಸಭೆಗೆ ಇನ್ನು ಕಾಲಿಡುವುದಿಲ್ಲ.

ಭಾನುವಾರ, ಡಿಸೆಂಬರ್ 8

ಹೋಗಲಿಲ್ಲ. ಇವತ್ತೂ. ಬೀಗದ ಕೈ ಕಳಿಸಿಕೊಟ್ಟಿದ್ದೇನೆ.

ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಹೆಸ್ಟರ್. ನಾನು ಬಾ ಅನ್ನಲಿಲ್ಲ, ತಾನೇ ಒಳಗೆ ಬಂದಳು. ಕೋಟೂ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತಳು. ನನಗೆ ತಡೆಯಲಾಗಲಿಲ್ಲ.

"ಪಕ್ಕದಲ್ಲೇ ಕೂತಿದ್ದೆಯಲ್ಲೇ! ನನ್ನ ಗಂಡ ಸಾಯ್ತಿದ್ರೆ ನಿಂಗೆ ಗೊತ್ತಾಗ್ಲಿಲ್ವಾ?"

ಬೀದಿಗೆಲ್ಲ ಕೇಳಿಸಿರಬೇಕು. ಕೇಳಿಸಲಿ.

"ನನ್ನ ಮೇಲೆ ವಾಲಿದ ಕಣೇ," ಅಂದಳು. "ಪಾಪ, ನಿದ್ದೆ ಬಂತು ಅಂದ್ಕೊಂಡೆ. ಎಲ್ರಿಗೂ ಗೊತ್ತಾದ್ರೆ ನಗ್ತಾರೆ, ನೀನು ಬೇರೆ ಮನೇಲಿ ಬೈತೀಯ ಅಂತ... ಭುಜ ಕೊಟ್ಟೆ. ಎಚ್ಚರ ಆದೀತು ಅಂತ ಅಲ್ಲಾಡಲೇ ಇಲ್ಲ. ಕೈ ಜೋಮು ಹಿಡೀತು, ಆದ್ರೂ ಅಲ್ಲಾಡ್ಲಿಲ್ಲ ಮ್ಯುರಿಯಲ್. ಬೆಚ್ಚಗಿದ್ದ. ಕೊನೇ ತನಕ ಬೆಚ್ಚಗೇ ಇದ್ದ."

ತಿವಿಯುತ್ತಿದ್ದವಳು ನಾನು. ಮಲಗಲು ಬಿಟ್ಟವಳು ಅವಳು. ಸಿಟ್ಟು ಎಲ್ಲಿ ಹೋಯಿತೋ, ಹೊಟ್ಟೆಕಿಚ್ಚಾಯಿತು — ಹೌದು, ಹೊಟ್ಟೆಕಿಚ್ಚೇ. ಆ ಭಾರ ನನ್ನದಾಗಬೇಕಿತ್ತು.

"ಯಾವ ಭುಜ?"

"ಎಡದ್ದು."

ಕೋಟು ತೆಗಿ ಅಂದೆ. ಯಾಕೆ ಅಂತ ಕೇಳದೆ ತೆಗೆದಳು. ಪಕ್ಕದಲ್ಲಿ ಕೂತೆ. ತಲೆಯನ್ನು ಅಲ್ಲಿ, ಅವನು ವಾಲಿದ್ದ ಜಾಗದಲ್ಲೇ, ಇಟ್ಟೆ.