ನಲವತ್ತೊಂದನೇ ಸೀಸೆಯ ಮೊಟ್ಟೆ

ಮಾರ್ಚ್ 4, ಸೋಮವಾರ

ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಸಂಜೆಯಿಂದ ಎರಡು ಸಲ ಪೆನ್ನು ತೆರೆದು ಮುಚ್ಚಿದೆ. ಯಾರೂ ಓದದ ಪುಸ್ತಕದಲ್ಲೇ ಇಷ್ಟು ಹಿಂಜರಿಕೆ...

ಹತ್ತೊಂಬತ್ತು ವರ್ಷಗಳ ಹಿಂದೆ ಆ ಹಾವಿನ ಹೊಟ್ಟೆಯನ್ನು ನಾನು ಕುಯ್ಯಲಿಲ್ಲ. ಕುಯ್ದೆ ಎಂದು ಹೇಳಿದೆ.

ಸೋಮವಾರವೆಂದರೆ ಮ್ಯೂಸಿಯಮ್ಮಿನ ನೆಲಮಾಳಿಗೆ. ಸೀಸೆಗಳಲ್ಲಿ ಇಳಿದುಹೋದ ಸ್ಪಿರಿಟ್ ತುಂಬಿಸಬೇಕು, ಮಸುಕಾದ ಚೀಟಿ ಬದಲಿಸಬೇಕು. ಈ ವರ್ಷ ಮೂಲ ಮಾದರಿಗಳನ್ನೆಲ್ಲ, ಹೊಸ ಜಾತಿ ಎಂದು ಪ್ರಕಟಿಸಲು ಆಧಾರವಾದ ಪ್ರಾಣಿಗಳನ್ನು, ಒಳಗೂ ಕಾಣುವಂತೆ ಸ್ಕ್ಯಾನ್ ಮಾಡುತ್ತಿದ್ದಾರೆ. ಇಂದು ನಲವತ್ತೊಂದನೇ ಸೀಸೆಯ ಸರದಿ. ನಮ್ಮ ಹಾವು. ತೊಂಬತ್ತಾರು ಮಿಲಿಮೀಟರ್ ಉದ್ದ, ಪೆನ್ಸಿಲಿನೊಳಗಿನ ಕಡ್ಡಿಯಷ್ಟು ದಪ್ಪ. ಜಗತ್ತಿನ ಅತಿ ಚಿಕ್ಕ ಹಾವು ಎಂದು, ನನಗೆ ಈ ಕೆಲಸ ಕಲಿಸಿದ ಮೇಷ್ಟ್ರೂ ನಾನೂ ಸೇರಿ ಪ್ರಕಟಿಸಿದ್ದು.

ಸ್ಕ್ಯಾನ್ ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಮೇಡಂ, ಇದ್ರ ಹೊಟ್ಟೆ ಕುಯ್ದು ನೋಡಿದೀವಿ ಅಂತ ಪೇಪರ್‌ನಲ್ಲಿ ಬರ್ದಿದೀರಲ್ವಾ?"

"ಹೌದು."

"ಹೊಲಿದು ಇಸ್ತ್ರಿ ಬೇರೆ ಹಾಕಿದ್ರಾ? ಒಂದು ಗೀರೂ ಇಲ್ಲ."

ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಬೆರಳಿಟ್ಟು ತೋರಿಸಿದಳು. "ಇದಾ ಮೊಟ್ಟೆ? ಇದು ಕರುಳಿನ ಒಳಗಿದೆ ಮೇಡಂ."

ಫೈಲ್ ಕಳಿಸು, ನೋಡುತ್ತೇನೆ ಎಂದೆ. ಕೈ ತೊಳೆದುಕೊಂಡೆ. ಮತ್ತೆ ತೊಳೆದುಕೊಂಡೆ.

ಮಾರ್ಚ್ 5, ಮಂಗಳವಾರ

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ನನಗೆ ಬೇಕಾದ ಹಾಗೆ ನೆನಪಾಗುತ್ತದೆ.

ಚಿಕ್ಕ ಹಾವು ಎನ್ನಲು ಉದ್ದ ಅಳೆದರೆ ಸಾಲದು. ಮರಿಗಳೆಲ್ಲ ಚಿಕ್ಕವೇ. ಬೆಳೆದು ನಿಂತ ಹಾವು ಎಂದು ತೋರಿಸಬೇಕು. ವಯಸ್ಸು ಹೇಳಲು ಹಾವಿಗೆ ಹಲ್ಲಿನ ಲೆಕ್ಕವಿಲ್ಲ, ಪೊರೆಯ ಲೆಕ್ಕವಿಲ್ಲ. ಹೆಣ್ಣಾದರೆ ಹೊಟ್ಟೆಯಲ್ಲಿ ಬೆಳೆದ ಮೊಟ್ಟೆ ಇರಬೇಕು. ಇಷ್ಟು ಸಣ್ಣ ಜಾತಿ ಇಡುವುದು ಒಂದೇ ಮೊಟ್ಟೆ, ಉದ್ದನೆಯದು. ಅದು ಕಂಡರೆ ತಾಯಿ. ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ.

ಮೇಷ್ಟ್ರದು ಒಂದು ಪದ್ಧತಿ ಇತ್ತು. ಒಬ್ಬರು ಕುಯ್ಯುವುದು, ಒಬ್ಬರು ಬರೆಯುವುದು. ಬರೆಯುವವರು "ಕಂಡೆಯಾ?" ಎಂದು ಕೇಳಬೇಕು. ಕುಯ್ಯುವವರು "ಕಂಡೆ" ಎಂದ ಮೇಲೇ ಪೆನ್ನು ಕಾಗದ ಮುಟ್ಟಬೇಕು. ಆಗಲೇ ಅವರ ಕೈ ನಡುಗುತ್ತಿತ್ತು. ಅಂದು ಬ್ಲೇಡು ನನಗೆ ಕೊಟ್ಟರು.

ಇದ್ದದ್ದು ಅದೊಂದೇ ಹಾವು. ಹಾಳು ಮಾಡಿಬಿಟ್ಟರೆ? ಕೆಳಗಿನಿಂದ ದೀಪ ಹಾಯಿಸಿದೆ. ಚರ್ಮದಾಚೆ ಉದ್ದನೆಯ ಬಿಳಿ ಗಂಟು. ಮೊಟ್ಟೆಯೇ, ಇನ್ನೇನು. ಬ್ಲೇಡು ತಾಗಿಸಲಿಲ್ಲ.

"ಕಂಡೆಯಾ, ಮಗು?"

"ಕಂಡೆ, ಸರ್."

ಅವರು ಬರೆದರು.

ಮಾರ್ಚ್ 7, ಗುರುವಾರ

ಇಂದು ಕುಯ್ದೆ. ಅನುಮತಿ ಪತ್ರಕ್ಕೆ ಸಹಿ ಹಾಕಬೇಕಾದವಳೂ ನಾನೇ. ಹಾಕಿದೆ.

ಮೇಣದ ತಟ್ಟೆ, ಅತಿ ಸಣ್ಣ ಎರಡು ಪಿನ್ನು, ಸೂಕ್ಷ್ಮದರ್ಶಕದ ಕೆಳಗೆ ನಾಲ್ಕು ಮಿಲಿಮೀಟರ್ ಸೀಳು. ಐದು ನಿಮಿಷದ ಕೆಲಸ. ಹಾಳಾಗುವಂಥದ್ದು ಏನೂ ಇರಲಿಲ್ಲ.

ಗೆದ್ದಲಿನ ಮರಿಗಳು. ಏಳು. ಒಂದರ ಹಿಂದೊಂದು ಒತ್ತಿಕೊಂಡು ಗಂಟಾಗಿವೆ. ಅಂಡಾಶಯ ದಾರದ ಹಾಗೆ, ಮರಳಿನಷ್ಟು ಕಾಳು ಕೂಡ ಕಟ್ಟಿಲ್ಲ.

ಹೊಟ್ಟೆ ತುಂಬ ಉಂಡ ಒಂದು ಮಗು. ಹತ್ತೊಂಬತ್ತು ವರ್ಷ ಅದನ್ನು ತಾಯಿ ಎಂದು ಕರೆದೆವು.

ಸಂಶೋಧನಾ ಪತ್ರಿಕೆಗೆ ತಿದ್ದುಪಡಿ ಕಳಿಸಬೇಕು. ಕರಡು ಮಾಡಿದೆ — "ಕರುಳಿನಲ್ಲಿದ್ದ ಆಹಾರವನ್ನು ಮೊಟ್ಟೆಯೆಂದು ತಪ್ಪಾಗಿ ಗುರುತಿಸಲಾಗಿತ್ತು." ಅಷ್ಟೇ. ಶುದ್ಧವಾಗಿದೆ. ಯಾರು ಗುರುತಿಸಿದ್ದು ಎಂದು ಕೇಳಿದರೆ ಮೊದಲ ಹೆಸರು ಮೇಷ್ಟ್ರದು.

ಮಾರ್ಚ್ 9, ಶನಿವಾರ

ಮೇಷ್ಟ್ರ ಮನೆಗೆ ಹೋದೆ. ಹೇಳಲೆಂದೇ ಹೋದೆ.

ಅವರ ಹೆಂಡತಿ ಬಾಗಿಲಲ್ಲೇ, "ಬಂದ್ಯಾ ತಾಯಿ? ನನ್ನ ಸವತಿ ಹೇಗಿದಾಳೆ?" ಎಂದರು. ಆ ಹಾವಿಗೆ ಅವರಿಟ್ಟ ಹೆಸರು. ಮದುವೆಯಾದ ಮೇಲೆ ಗಂಡ ಇಷ್ಟು ಹೊತ್ತು ನೋಡಿದ್ದು ಅವಳೊಬ್ಬಳನ್ನೇ ಅಂತೆ.

ಮೇಷ್ಟ್ರು ಕಿಟಕಿಯ ಪಕ್ಕದ ಮಂಚದಲ್ಲಿ. ಮೂಗಿನಲ್ಲಿ ಆಮ್ಲಜನಕದ ನಳಿಕೆ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆಯುತ್ತಾರೆ.

"ಸ್ಕ್ಯಾನ್ ಶುರುವಾಯ್ತಂತೆ."

"ಆಯ್ತು, ಸರ್."

"ನಮ್ಮದು?"

"ಆಯ್ತು."

"ಮೊಟ್ಟೆ..." ಉಸಿರಿಗೆ ನಿಂತರು. ಕಣ್ಣು ಮಾತ್ರ ನಿಲ್ಲಲಿಲ್ಲ. "ಕಂಡೆಯಾ?"

ಬಾಯಿ ತೆರೆದೆ. ಏಳು ಗೆದ್ದಲು ಅಲ್ಲೇ ನಾಲಿಗೆಯ ಮೇಲಿದ್ದವು.

"ಕಂಡೆ, ಸರ್."

ಕೈ ಎತ್ತಿ ಗಾಳಿಯಲ್ಲಿ ಬರೆದ ಹಾಗೆ ಮಾಡಿದರು. ನಕ್ಕರು.

ಕರುಣೆಯೇ ಅದು? ಬಸ್ಸಿನಲ್ಲಿ ಕೂತು ಅದನ್ನೇ ಕೇಳಿಕೊಂಡೆ. ಕರುಣೆಯಾಗಿದ್ದರೆ ಮೆಟ್ಟಿಲಿಳಿಯುವಾಗ ಅಷ್ಟು ಹಗುರ ಎನಿಸಬಾರದಿತ್ತು.

ಮಾರ್ಚ್ 10, ಭಾನುವಾರ

ತಂಗಿ ಫೋನು ಮಾಡಿದ್ದಳು. ಶಾಲೆಯಲ್ಲಿ ಅವಳ ತರಗತಿಯ ಗೋಡೆಗೆ ಪಟ ಮಾಡಿಸಿದ್ದಾಳೆ, ಅತಿ ದೊಡ್ಡ, ಅತಿ ಚಿಕ್ಕ ಪ್ರಾಣಿಗಳದ್ದು.

"ಅಕ್ಕಾ, ಅದು ಹಾವೋ ಎರೆಹುಳವೋ ಅಂತ ಮಕ್ಕಳು ಜಗಳ ಆಡ್ತಿದಾವೆ. ನಮ್ಮಕ್ಕನೇ ಹೊಟ್ಟೆ ಸೀಳಿ ನೋಡಿದಾಳೆ ಕಣ್ರೋ, ಸುಮ್ನಿರಿ ಅಂದೆ."

ಒಲೆಯ ಮೇಲೆ ಹಾಲಿದೆ ಎಂದು ಫೋನಿಟ್ಟೆ. ಒಲೆ ಹಚ್ಚಿರಲಿಲ್ಲ.

ಬುಧವಾರ ಮತ್ತೆ ಹೋಗುತ್ತೇನೆ. ಈ ಸಲ ಖಂಡಿತ.

ಮಾರ್ಚ್ 29, ಶುಕ್ರವಾರ

ಆ ಬುಧವಾರ, ಹದಿಮೂರನೇ ತಾರೀಕು ಬೆಳಿಗ್ಗೆ, ಮೇಷ್ಟ್ರು ಹೋದರು. ನಾನು ಬಸ್ ಸ್ಟಾಪಿನಲ್ಲಿದ್ದೆ.

ಹದಿನೈದು ದಿನ ಏನೂ ಬರೆಯಲಾಗಲಿಲ್ಲ. ಸ್ಪಿರಿಟ್ ಮಾತ್ರ ತುಂಬಿಸಿದೆ.

ಇಂದು ನಿರ್ದೇಶಕರು ಕರೆದರು. ಗ್ಯಾಲರಿಯಲ್ಲಿ ಮೇಷ್ಟ್ರ ಹೆಸರಿನ ಫಲಕ ಹಾಕುತ್ತಾರೆ. ಏನು ಬರೆಯಬೇಕೆಂದು ಮನೆಯವರನ್ನು ಕೇಳಿಕೊಂಡು ಬಾ ಎಂದರು.

ಮೇಜಿನ ಖಾನೆಯಲ್ಲಿ ಕರಡು ಹಾಗೇ ಇದೆ. ಕೆಟ್ಟ ಯೋಚನೆಯೊಂದು ಬಂತು, ಬರೆದಿಡುತ್ತೇನೆ. ಈಗ ಅದನ್ನು ಇದ್ದ ಹಾಗೇ ಕಳಿಸಬಹುದು. ಮೇಷ್ಟ್ರಿಗೆ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು ಎಂದು ಎಲ್ಲರೂ ಬಲ್ಲರು. ಯಾರೂ ಕೇಳುವುದಿಲ್ಲ. ಸ್ಕ್ಯಾನ್ ಹುಡುಗಿ ಕೂಡ ಮತ್ತೆ ಆ ಮಾತೆತ್ತಲಿಲ್ಲ. ಎಲ್ಲರ ಮರ್ಯಾದೆಯೂ ಉಳಿಯುತ್ತದೆ, ಸತ್ತವರದೊಂದನ್ನು ಬಿಟ್ಟು.

ನನಗೀಗ ನಲವತ್ತಾರು, ಈ ಕೆಲಸ ಹೋದರೆ ಬೇರೆ ಸಿಗುವ ವಯಸ್ಸಲ್ಲ.

ಏಪ್ರಿಲ್ 6, ಶನಿವಾರ

ತಿದ್ದುಪಡಿ ಪತ್ರಕ್ಕೆ ಇಬ್ಬರು ಲೇಖಕರ ಸಹಿಯೂ ಬೇಕು, ಶಾಯಿಯಲ್ಲಿ. ತೀರಿಕೊಂಡವರ ಪರವಾಗಿ ಮನೆಯವರು ಹಾಕಬೇಕು. ಆ ನೆಪ ಹಿಡಿದುಕೊಂಡೇ ಮೇಷ್ಟ್ರ ಮನೆಗೆ ಹೋದೆ.

ಮಂಚ ತೆಗೆದಿದ್ದಾರೆ. ಕಿಟಕಿಯ ಪಕ್ಕ ಖಾಲಿ ಚೌಕ, ಬಣ್ಣ ಮಾಸದ ನೆಲ.

"ಫಲಕಕ್ಕೆ ಜಾಸ್ತಿ ಏನೂ ಬೇಡಮ್ಮ," ಎಂದರು ಅವರ ಹೆಂಡತಿ. "ಜಗತ್ತಿನ ಅತಿ ಚಿಕ್ಕ ಹಾವನ್ನು ಕಂಡವರು ಅಂತ ಬರೆಸು, ಸಾಕು."

ಚಹಾ ಕೆಳಗಿಟ್ಟು ಎಲ್ಲ ಹೇಳಿದೆ. ದೀಪ, ಬ್ಲೇಡು, ಗೆದ್ದಲು. ಮಾರ್ಚ್ ಒಂಬತ್ತರಂದು ಇದೇ ಕೋಣೆಯಲ್ಲಿ ಹೇಳಿದ್ದನ್ನೂ.

ಅವರು ಕಿಟಕಿಯ ಪಕ್ಕದ ಖಾಲಿ ಚೌಕದ ಕಡೆ ನೋಡಿದರು.

"ಅಂದ್ರೆ ಅದು ಸಣ್ಣದು."

"ಮರಿ, ಅಮ್ಮ. ಇನ್ನೂ ಬೆಳೀಬೇಕಿತ್ತು."

"ಇಷ್ಟು ವರ್ಷ ಒಂದು ಕೂಸನ್ನ ಸವತಿ ಅಂತ ಆಡ್ಕೊಂಡ್ನಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ದನಿ ಬದಲಾಯಿತು. "ಅವರಿಗೆ ಗೊತ್ತಿತ್ತಾ?"

"ಇಲ್ಲ."

"ಕಡೇ ಸಲ ನೀ ಬಂದಾಗ ಕೇಳಿದ್ರಲ್ಲ. ಬಾಯಿ ಬಿಟ್ಟು ಕೇಳಿದ್ರಲ್ಲೇ. ಆಗ ಹೇಳಿದ್ರೆ ಬೈದು ಸಾಯ್ತಿದ್ರು. ಅದೇನು ಕಮ್ಮಿ ಸಾವಾ?"

ಚೀಲದಿಂದ ತಿದ್ದುಪಡಿ ಪತ್ರ ತೆಗೆದೆ.

"ಓದು ಕಾಗದ."

ಓದಿದೆ. ಗುರುತಿಸಲಾಗಿತ್ತು ಎಂಬಲ್ಲಿ ಕೈ ಅಡ್ಡ ಹಿಡಿದರು.

"ಯಾರು?"

"ನಾನು."

"ಹಾಗಿದ್ರೆ ಹಾಗೇ ಬರಿ. ಅವರ ಕೈ ಬ್ಲೇಡು ಮುಟ್ಟಲಿಲ್ಲ ಅಂತಾನೂ ಬರಿ. ಬರ್ಕೊಂಡು ಬಾ, ಆಮೇಲೆ ಸಹಿ."

"ಅಮ್ಮ, ನನ್ನ ಕೆಲಸ ಹೋಗಬಹುದು."

"ಹೋಗಬಹುದು," ಎಂದರು. ಲೋಟ ಎತ್ತಿಕೊಂಡು ಒಳಗೆ ಹೋದರು.

ಏಪ್ರಿಲ್ 7, ಭಾನುವಾರ, ಸಂಜೆ 5

ಬೆಳಿಗ್ಗೆ ಹೊಸದಾಗಿ ಬರೆದೆ. ಮೂರು ವಾಕ್ಯ. ಹೊಟ್ಟೆಯನ್ನು ತೆರೆಯಲಾಯಿತು ಎಂಬ ಮಾತು ಸುಳ್ಳು. ಆ ಸುಳ್ಳು ನನ್ನದು. ಮೊದಲ ಲೇಖಕರು ಬ್ಲೇಡು ಮುಟ್ಟಲಿಲ್ಲ, ನನ್ನ ಮಾತನ್ನು ನಂಬಿ ಬರೆದರು.

ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಓದಿಸಿಕೊಂಡರು. ಸಹಿ ಹಾಕಿದರು. ಫಲಕದ ಮಾತು ಆಡಲಿಲ್ಲ. ಬಾಗಿಲವರೆಗೆ ಬಂದರು, ಮತ್ತೆ ಬಾ ಎನ್ನಲಿಲ್ಲ.

ನಲವತ್ತೊಂದನೇ ಸೀಸೆಗೆ ಚೀಟಿ ಬರೆದಿಟ್ಟಿದ್ದೇನೆ. ಹೆಣ್ಣು, ಮರಿ. ಹಳೆಯದನ್ನು ಬಿಸಾಡುವುದಿಲ್ಲ. ಮೇಷ್ಟ್ರ ಅಕ್ಷರ, ಅದೂ ಒಳಗೇ ಇರಲಿ.

ಲಕೋಟೆ ಅಂಟಿಸಿದೆ. ವಿಳಾಸ ಸರಿಯಿದೆ. ಇಂದು ಅಂಚೆ ಕಚೇರಿ ಇಲ್ಲ. ನಾಳೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು, ಮ್ಯೂಸಿಯಮ್ಮಿಗೆ ಹೋಗುವ ಮುಂಚೆ, ಯಾರ ಮುಖವನ್ನೂ ನೋಡುವ ಮುಂಚೆ —

ಏಪ್ರಿಲ್ 8, ಸೋಮವಾರ

ಅಂಚೆ ಕಚೇರಿಯ ರಸೀದಿಯನ್ನು ಇಲ್ಲಿ ಅಂಟಿಸಿದ್ದೇನೆ.