ಹದಿನೈದು ದಿನಕ್ಕೆ ಬಂದವರು

ಮಾರ್ಚ್ 4, ಬೆಳಿಗ್ಗೆ 6.30
ಇವತ್ತೂ ಅಡುಗೆಮನೆ ಕಟ್ಟೆಯ ಮೇಲೆಯೇ ಕಟಿಂಗ್. ಶಾಲೆಯ ಯೂನಿಫಾರ್ಮ್, ಇಪ್ಪತ್ತೆರಡು ಅಂಗಿ. ಒಂದರ ಕಾಲರಿಗೆ ಎಣ್ಣೆ ತಾಗಿತು—ಬಟ್ಟೆ ಹಾಳು. ನನ್ನ ಹೊಲಿಗೆ ಕೋಣೆಯಲ್ಲಿ ಮೈದುನ, ಓರಗಿತ್ತಿ ಇನ್ನೂ ಗೊರಕೆ. "ಮನೆ ರಿಪೇರಿ ಅತ್ತಿಗೆ, ಹದಿನೈದೇ ದಿನ" ಅಂದಿದ್ದ. ಏಳು ತಿಂಗಳಾಯಿತು. ಬೆರಳು ಕೊಟ್ಟರೆ ಹಸ್ತ ನುಂಗುವವರು.

ಮಾರ್ಚ್ 5
ಕೇಳಿಯೇಬಿಟ್ಟೆ.
"ಯಾವಾಗ ಹೊರಡ್ತೀರಿ?"
"ಇದು ನಮ್ಮಣ್ಣನ ಮನೆ ಅತ್ತಿಗೆ. ಅವನು ಹೇಳಲಿ."
ಅಣ್ಣನ ಮನೆಯಂತೆ! ನನ್ನಪ್ಪ ನನ್ನ ಹೆಸರಿಗೆ ಬರೆದುಕೊಟ್ಟ ಮನೆ. ಅವನ ಅಣ್ಣ, ಅಂದರೆ ನಮ್ಮವರು, ಅಲ್ಲೇ ಕೂತಿದ್ದರು. ಪೇಪರ್ ಮಡಚಿ ಎದ್ದುಹೋದರು.

ಮಾರ್ಚ್ 9
ಅವರಿಬ್ಬರೂ ಹೊರಗೆ ಹೋಗಿದ್ದಾಗ ಕೋಣೆಯ ಬೀಗ ಬದಲಾಯಿಸಿದೆ. ಸಾಮಾನೆಲ್ಲ ವರಾಂಡಕ್ಕೆ. ಸಂಜೆಯೊಳಗೆ ಪೊಲೀಸರು... ನನ್ನ ಮನೆಗೆ, ನನ್ನ ಮೇಲೆ!
"ಹೀಗೆಲ್ಲ ಹೊರಗೆ ಹಾಕೋ ಹಾಗಿಲ್ಲಮ್ಮ. ಕೋರ್ಟಿಗೆ ಹೋಗಿ."
ನಾನೇ ಪೆಟ್ಟಿಗೆಗಳನ್ನು ಹೊತ್ತು ಮತ್ತೆ ಒಳಗಿಟ್ಟೆ. ಓರಗಿತ್ತಿ ಬಾಗಿಲಲ್ಲಿ ನಿಂತು, "ಹುಷಾರು ಅಕ್ಕಾ, ಅದರಲ್ಲಿ ಗಾಜಿನ ಸಾಮಾನಿದೆ" ಅಂದಳು. ಮೈ ಉರಿದುಹೋಯಿತು.

ಮಾರ್ಚ್ 12
ವಕೀಲೆಯನ್ನು ಕಂಡೆ. ಅವರ ಕರಿ ಕೋಟು ಹೊಲಿದವಳು ನಾನೇ.
"ಕೋಪ ಮನೇಲಿಡಿ, ಮನೆಪತ್ರ ಇಲ್ಲಿ ತನ್ನಿ" ಅಂದರು.

ಮಾರ್ಚ್ 18
ವಕೀಲೆ ನನ್ನ ಪರವಾಗಿ ಮೈದುನನಿಗೆ ಕಳಿಸಿದ ನೋಟಿಸ್ ಬಂತು. ಕೊಟ್ಟವಳದೂ ಪಡೆಯುವವನದೂ ಒಂದೇ ವಿಳಾಸ. ನಾನೇ ಬಾಗಿಲು ತೆರೆದು, "ನಿನಗೆ ಪೋಸ್ಟ್ ಬಂದಿದೆ ನೋಡಪ್ಪ" ಎಂದು ಕೂಗಿದೆ.

ಜೂನ್ 20, ಸಂಜೆ
ನಾನು ಹಾಕಿದ ಕೇಸಿಗೆ ಕೋರ್ಟಿನಲ್ಲಿ ಮೈದುನನ ಉತ್ತರ ಬಂತು. ಜೊತೆಗೊಂದು ಪತ್ರ. 'ನಿಮಗೆ ಬೇಕಾದಷ್ಟು ಕಾಲ ಆ ಕೋಣೆಯಲ್ಲಿ ಇರಬಹುದು.' ಕೆಳಗೆ ಸಹಿ—ನಮ್ಮವರದು! ಮಾರ್ಚ್ 6ರದು. ನಾನು ಕೇಳಿದ ಮರುದಿನ! ಬೇಲಿಯೇ ಎದ್ದು ಹೊಲ ಮೇಯ್ದರೆ...
ಮನೆಗೆ ಬಂದು ಕೇಳಿದೆ.
"ತಮ್ಮ ಕಣೇ. ಬೀದಿಗೆ ಬಿಡೋಕಾಗುತ್ತಾ?"
"ಯಾವ ಬೀದಿ? ರಿಪೇರಿ ಮುಗಿದ ಮನೇನ ಬಾಡಿಗೆಗೆ ಕೊಟ್ಟು ಇಲ್ಲಿ ಕಾಲು ಚಾಚಿದಾನೆ. ವಕೀಲರೇ ವಿಚಾರಿಸಿ ಹೇಳಿದ್ರು."
"ಗೊತ್ತು."
ಗೊತ್ತಂತೆ!

ನವೆಂಬರ್ 8
ತೀರ್ಪು. ಮನೆ ನನ್ನದು, ನಮ್ಮವರ ಪತ್ರಕ್ಕೆ ಬೆಲೆಯಿಲ್ಲ. ಖಾಲಿ ಮಾಡಲು ಮೂವತ್ತು ದಿನ. ವಕೀಲೆ ಬೆನ್ನು ಸವರಿದರು.
"ಅಳಬೇಡಿ, ಗೆದ್ದಿದೀರಿ."
"ಅಳು ಅಲ್ಲ ಮೇಡಂ, ಸಿಟ್ಟು."

ಡಿಸೆಂಬರ್ 19, ಬೆಳಿಗ್ಗೆ 11
ಗಡುವು ಮುಗಿದರೂ ಕದಲಿರಲಿಲ್ಲ. ಇಂದು ಕೋರ್ಟಿನ ಅಮೀನರು ಬಂದರು, ಜೊತೆಗೆ ಇಬ್ಬರು ಪೊಲೀಸರು. ಆದೇಶ ಓದಿದರು. ಓರಗಿತ್ತಿ ಅತ್ತಳು. ಮೈದುನ ಹಾಸಿಗೆ ಸುತ್ತುತ್ತಲೇ ಕೇಳಿದ, "ಸಂಬಂಧಕ್ಕಿಂತ ಬಟ್ಟೆ ಹೊಲಿಯೋದೇ ಹೆಚ್ಚಾಯ್ತಾ ಅತ್ತಿಗೆ?"
"ಆ ಹೊಲಿಗೆಯಿಂದಲೇ ಹದಿನಾರು ತಿಂಗಳು ಉಂಡಿದೀರಿ."
ಅಮೀನರು ಕೀಲಿಕೈ ನನ್ನ ಕೈಗಿಟ್ಟು ಸಹಿ ಹಾಕಿಸಿಕೊಂಡರು. ಗಾಡಿ ಹೋಯಿತು.

ಮಧ್ಯಾಹ್ನ 3
ಕೋಣೆ ಗುಡಿಸಿದೆ. ಗೋಡೆಗೆ ಹನ್ನೊಂದು ಮೊಳೆ ಹೊಡೆದಿದ್ದಾರೆ. ಅವರು ಬರುವ ಮುಂಚೆಯಷ್ಟೇ ಬಣ್ಣ ಬಳಿಸಿದ್ದ ಗೋಡೆಗೆ! ಕಟಿಂಗ್ ಟೇಬಲ್ ಒಳಗೆ ತರಲು ಇಬ್ಬರು ಬೇಕು. ನಮ್ಮವರು ತಾವಾಗಿಯೇ ಬಂದು ಇನ್ನೊಂದು ತುದಿ ಹಿಡಿದರು. ಇಳಿಸಿದ ಮೇಲೂ ಹೋಗಲಿಲ್ಲ.
"ನನಗೂ ನೋಟಿಸ್ ಕೊಡ್ತೀಯಾ?" ನಗಿಸಲು ನೋಡಿದರು.
ನಗು ಬರಲಿಲ್ಲ.
"ಇಲ್ಲ. ಆದ್ರೆ ಆ ಸಹಿ ಹಾಕುವಾಗ ನನ್ನ ಬಗ್ಗೆ ಏನು ಅಂದ್ಕೊಂಡ್ರಿ? ಅದನ್ನ ಹೇಳಿ, ಸಾಕು."
ಅರ್ಧ ಗಂಟೆಯಿಂದ ಗೋಡೆಯ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ನಾನು ಇದನ್ನು ಬರೆಯುತ್ತಾ ಕೂತಿದ್ದೇನೆ. ಈಗ ಹೇಳಿದರು.
"ನೀನು ಹೇಗೋ ಸುಧಾರಿಸ್ಕೋತೀಯ ಅಂತ..."
ಸುಧಾರಿಸಿಕೊಳ್ಳುತ್ತೇನಂತೆ! ಇನ್ನು ಮೇಲೆ ನಾನು ಸುಧಾರಿಸಿಕೊಳ್ಳುವವಳಲ್ಲ.