ದೂರದಿಂದ ತಂದ ಹೆಸರು

ತಿರ್ಲಾಪುರ
ಜನವರಿ 19, 2025

ಮುದ್ದಿನ ಮೊಮ್ಮಗಳಿಗೆ ದಾದಿಯ ಸಲಾಂ ಮತ್ತು ದುವಾ.

ಹೇಗಿದ್ದೀಯೆ? ಬೆಳಗಾವಿಯ ಚಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲ ತಾನೆ? ಹಾಸ್ಟೆಲಿನ ಚಪಾತಿ ತೊಗಲಿನಂತಿರುತ್ತದೆ ಎಂದಿದ್ದೆ, ಹೊಟ್ಟೆ ತುಂಬ ತಿನ್ನುತ್ತೀಯೋ ಇಲ್ಲವೋ. ನನ್ನ ಮೊಣಕಾಲು ಎಂದಿನಂತೆ ಜಗಳಗಂಟಿ. ಹೊಲದಲ್ಲಿ ಕಡಲೆ ಚೆನ್ನಾಗಿ ಬಂದಿದೆ. ಹಸಿಕಡಲೆಯ ಸುಲಗಾಯಿ ಸುಡುವಾಗ ನಿನ್ನ ಮೂವರು ಅಕ್ಕಂದಿರೂ ಬಂದಿದ್ದರು, ನೀನೊಬ್ಬಳೇ ಇರಲಿಲ್ಲ. ನಿನ್ನ ಅಪ್ಪ ಹಾರೂನ್ ದಿನಾ ಫೋನು ಹಚ್ಚುತ್ತಾನೆ, ನೀನು ಎತ್ತುವುದಿಲ್ಲ. ಅದಕ್ಕೇ ನಾಲ್ಕನೇ ಇಯತ್ತೆಯವರೆಗೆ ಕಲಿತ ಕನ್ನಡ ಹಿಡಿದು ನಾನು ಕೂತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಮೂರು ತಿಂಗಳ ಹಿಂದೆ ಹಿತ್ತಲಲ್ಲಿ ನನ್ನೊಬ್ಬಳನ್ನೇ ನಿಲ್ಲಿಸಿ, "ದಾದಿ, ನನ್ನ ಹೆಸರು ಯೆತೆರ್ ಅಂದ್ರ ಬೆಳಕಲ್ಲಂತ. ತುರ್ಕಿ ಭಾಷಾದಾಗ 'ಸಾಕು' ಅಂತಂತ. ಖರೇ ಏನು?" ಎಂದು ಕೇಳಿದೆ. ನಾನು "ಯಾವಾಕಿ ಹೇಳಿದ್ಲು ಬೇ, ನಾಲಗಿ ಕೀಳ್ತೀನಿ" ಎಂದು ರೇಗಿದೆ. ಮರುದಿನ ಚಹಾ ಸಹ ಕುಡಿಯದೆ ನೀನು ಬಸ್ಸು ಹತ್ತಿದೆ. ಸುಳ್ಳು ಹೇಳಿದವಳು ನಾನು, ಬೇಟಿ. ನೀನು ಕೇಳಿದ್ದು ಖರೇ.

ಅಪ್ಪನ ಮೇಲೆ ಸಿಟ್ಟಾಗಬೇಡ, ಪೂರಾ ಕೇಳು. ಮೂರು ಹೆಣ್ಣಾದ ಮೇಲೆ ನಾಲ್ಕನೆಯವಳಾಗಿ ನೀನು ಬಂದೆ. ಬಾಜು ಮನೆಯ ರಾಮವ್ವ ಬಂದವಳೇ, "ಸಾಕವ್ವ ಅಂತ ಹೆಸರಿಡ್ರಿ, ಮುಂದಿಂದು ಗಂಡು ಅಕ್ಕೈತಿ" ಎಂದಳು. ಅವಳ ಮನೆಯಲ್ಲಿ ಹಾಗೆ ಇಟ್ಟ ಮೇಲೆ ಗಂಡೇ ಹುಟ್ಟಿತ್ತು. ನನಗೂ ಆಸೆ ಹತ್ತಿತು. ಆದರೆ ನಮ್ಮವರಲ್ಲಿ ಆ ಹೆಸರು ಇಡುವುದಿಲ್ಲ, ಇಟ್ಟರೂ ಊರಿಗೆಲ್ಲ ತಿಳಿಯುತ್ತದೆ, ಬಾಣಂತಿಯ ಜೀವ ನೋಯುತ್ತದೆ. ಆಗ ಹಾರೂನ್ ದುಬೈಯಲ್ಲಿ ಒಬ್ಬ ತುರ್ಕಿ ಮುದುಕನ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ. ಅವರಲ್ಲಿ ಅಂಥ ಹೆಸರಿದ್ದರೆ ಕೇಳು ಎಂದು ನಾನೇ ಅವನ ಬೆನ್ನು ಬಿದ್ದೆ. ಹೆಣ್ಣಿನ ಮೇಲೆ ಹೆಣ್ಣಾದರೆ ಅವರ ಹಳ್ಳಿಯಲ್ಲೂ ಕೊನೆಯವಳಿಗೆ ಯೆತೆರ್ ಎನ್ನುತ್ತಿದ್ದರಂತೆ. ಹಾರೂನ್ ಬೇಡವೇ ಬೇಡ ಎಂದ. "ಹಡದಾಕಿ ಮಾತು ಮೀರ್ತಿ ಏನಲೇ" ಎಂದು ಫೋನಿನಲ್ಲೇ ಅತ್ತು ಕರೆದು ಒಪ್ಪಿಸಿದೆ. ಬೆಳಕು ಎಂಬ ಅರ್ಥ ಹುಟ್ಟಿಸಿದವಳೂ ನಾನೇ. ಅಷ್ಟು ದೂರದ ಮಾತು ಇಲ್ಲಿ ಯಾರಿಗೆ ತಿಳಿದೀತು ಎಂದುಕೊಂಡೆ. ಮುಂದೆ ಎಲ್ಲರ ಕೈಗೂ ಅರ್ಥ ಹುಡುಕಿಕೊಡುವ ಇಂಥ ಫೋನು ಬರುತ್ತದೆಂದು ನನಗೇನು ಕನಸು ಬಿದ್ದಿತ್ತೇ?

ಗಂಡು ಬರಲಿಲ್ಲ. ಹೋದ ವರ್ಷ ನಾನು ಜ್ವರದಲ್ಲಿ ಬಿದ್ದಾಗ ಎಂಟು ದಿನ ತಲೆಯ ಬಳಿ ಕೂತವಳು ನೀನು. ಆಗಲೂ ನಾನು ಬಾಯಿ ಬಿಡಲಿಲ್ಲ. ಈಗ ಎಲ್ಲ ಹೇಳಿದ್ದೇನೆ. ನಿನಗೆ ಬೇಕಾದ ಹೆಸರು ಆರಿಸಿಕೋ, ಅಪ್ಪ ಧಾರವಾಡಕ್ಕೆ ಹೋಗಿ ಕಾಗದಪತ್ರ ಮಾಡಿಸುತ್ತಾನೆ. ನನ್ನನ್ನು ಮಾಫಿ ಮಾಡದಿದ್ದರೂ ನಡೆದೀತು, ಮನೆಗೆ ಬಾ. ನಿನ್ನ ತಾಯಿ ಮುಬಶಿರಾಗೆ ಇದೊಂದೂ ಗೊತ್ತಿಲ್ಲ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಅಲ್ಲಾಹ ನಿನ್ನನ್ನು ಸುಖವಾಗಿಡಲಿ. ಅಕ್ಕಂದಿರು ನಿನ್ನನ್ನು ಬಹಳ ನೆನೆಸುತ್ತಾರೆ.

ನಿನ್ನ ದಾದಿ,
ಮಲಿಕಾಬಿ

ತಾ.ಕ.: ಇಂಗ್ಲಿಷಿನಲ್ಲಿ ವಿಳಾಸ ಬರೆಯಲೆಂದು ಲಕೋಟೆಯನ್ನು ನಿನ್ನ ತಾಯಿಯ ಕೈಗೆ ಕೊಟ್ಟರೆ, ಅವಳು ಕಾಗದ ತೆಗೆದು ಪೂರಾ ಓದಿಬಿಟ್ಟಳು. ಬೈಯಲಿಲ್ಲ. ದುಬೈಯಿಂದ ಬಂದ ವರ್ಷವೇ ಹಾರೂನ್ ಅವಳ ಮುಂದೆ ಅತ್ತು ಎಲ್ಲ ಹೇಳಿದ್ದನಂತೆ. "ಅವತ್ತಿಂದ ನಾ ಆಕಿನ್ನ ಒಂದ್ ದಿನಾನೂ ಆ ಹೆಸರ್ಲೆ ಕರದಿಲ್ರಿ" ಎಂದಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತರೂ ನನಗದು ಗೊತ್ತೇ ಆಗಲಿಲ್ಲ. ನಿನಗೆ ಗೊತ್ತಿತ್ತೇನೆ, ಬೇಟಿ?